ಹಳೇ ಯೆಜ್ಡಿ ಮನೆಗೆ ಬಂದ ಮೇಲೆ: ಯಾವ ರಿಪೇರಿ ಮೊದಲು, ಯಾವುದು ಆಮೇಲೆ?

ಪಾಂಡವಪುರದ ಹತ್ತಿರದ ಒಂದು ಹಳ್ಳಿಯ ಕೊಟ್ಟಿಗೆಯಿಂದ ನಾನು 1986ರ ರೋಡ್‌ಕಿಂಗ್ ತಂದೆ, ಅದು ಯೆಜ್ಡಿ ಬೈಕುಗಳ ಒಂದು ಮಾಡೆಲ್. ಆರು ವರ್ಷ ಅದು ಹುಲ್ಲಿನ ಮೆದೆಯ ಪಕ್ಕ ನಿಂತಿತ್ತು. ಟೆಂಪೋದಿಂದ ಇಳಿಸಿದ ದಿನವೇ ನೋಡಲು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಒಬ್ಬರು ಮೊದಲು ಪೇಂಟ್ ಮಾಡಿಸಿ ಅಂದರು. ಇನ್ನೊಬ್ಬರು ಸೈಲೆನ್ಸರಿಗೆ ಕ್ರೋಮ್ ಹಾಕಿಸಿ ಅಂದರು. ಮೆಕ್ಯಾನಿಕ್ ಒಬ್ಬರು ಕಿಕ್ಕನ್ನು ಒಂದು ಸಲ ಅದುಮಿ ನೋಡಿ, "ಎಂಜಿನ್ ಇಳಿಸಬೇಕು, ಬೋರ್ ಮಾಡಿಸಬೇಕು" ಅಂದರು, ಅಂದರೆ ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆಸಿ ಹೊಸ ಪಿಸ್ಟನ್ ಹಾಕಿಸಬೇಕು ಅಂತ. ಎರಡು ತಿಂಗಳಾದ ಮೇಲೆ ಗಾಡಿ ನಿಜವಾಗಿ ಕೈಕೊಟ್ಟಾಗ, ತಪ್ಪು ಇದ್ದದ್ದು ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಕಂಡೆನ್ಸರಿನಲ್ಲಿ. ಎಂಜಿನ್ ಇವತ್ತಿಗೂ ಇಳಿದಿಲ್ಲ.

ಹಳೇ ಗಾಡಿ ತಂದವರ ಕೈಯಲ್ಲಿ ಹಣ ಸ್ವಲ್ಪವೇ ಇರುತ್ತದೆ, ಆಸೆ ಜಾಸ್ತಿ ಇರುತ್ತದೆ. ಆ ಹಣ ಮೊದಲು ಎಲ್ಲಿಗೆ ಹೋಗಬೇಕು ಅನ್ನೋದೇ ಇಲ್ಲಿನ ವಿಷಯ. ನಾನು ಹಿಡಿದ ಕ್ರಮ ಇದು: ಬ್ರೇಕ್ ಹಿಡಿದರೆ ಗಾಡಿ ಮೊದಲು ಸರಿಯಾಗಿ ನಿಲ್ಲಬೇಕು. ಆಮೇಲೆ ಬೆಂಕಿ ಹತ್ತಿಕೊಳ್ಳಬಾರದು. ಆಮೇಲೆ ನಂಬಿಕೆಯಿಂದ ಓಡಬೇಕು. ಚೆಂದ ಕಾಣೋದು ಕೊನೆಗೆ. ಎಂಜಿನ್ ಬಿಚ್ಚೋದು, ಬೇರೆ ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ಮಾತ್ರ.

ಇಲ್ಲಿ ಹೇಳುವುದೆಲ್ಲ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಟೂ ಸ್ಟ್ರೋಕ್ ಗಾಡಿಗಳ ಬಗ್ಗೆ, ಅದರಲ್ಲೂ ಪಾಯಿಂಟ್ಸ್ (ಕಿಡಿಗಾಗಿ ಕರೆಂಟನ್ನು ಸೇರಿಸಿ ಕಡಿಯುವ ಚಿಕ್ಕ ಸ್ವಿಚ್ಚು) ಇರುವ 6 ವೋಲ್ಟಿನ ಗಾಡಿಗಳ ಬಗ್ಗೆ. 2022ರಲ್ಲಿ ಅದೇ ಹೆಸರಿನಲ್ಲಿ ಬಂದ ಯೆಜ್ಡಿಗಳು ಫೋರ್ ಸ್ಟ್ರೋಕ್. ಅವುಗಳ ಕಥೆಯೇ ಬೇರೆ.

ಸ್ಪ್ಯಾನರ್ ಹಿಡಿಯುವ ಮೊದಲು

ಒಂದು ಬಟ್ಟೆ, ಸ್ವಲ್ಪ ಸೀಮೆಎಣ್ಣೆ ತಗೊಂಡು ಚಾಸಿ ನಂಬರ್, ಎಂಜಿನ್ ನಂಬರ್ ಒರೆಸಿ ಓದಿ. ಆರ್‌ಸಿಯಲ್ಲಿ ಇರುವ ನಂಬರಿಗೆ ಹೊಂದುತ್ತಾ ನೋಡಿ. ಹೊಂದದಿದ್ದರೆ ಒಂದು ರೂಪಾಯಿಯ ಸಾಮಾನೂ ಕೊಳ್ಳಬೇಡಿ. ಆ ಕಾರ್ಖಾನೆ 1961ರಲ್ಲಿ ಗಾಡಿ ಮಾಡಲು ಶುರುಮಾಡಿ 1996ರಲ್ಲಿ ಮುಚ್ಚಿತು. ಹಾಗಾಗಿ ಯಾವ ಹಳೇ ಯೆಜ್ಡಿ ತಗೊಂಡರೂ ನೋಂದಣಿಯ ಮೊದಲ 15 ವರ್ಷ ಯಾವತ್ತೋ ಮುಗಿದಿರುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಅದು ಆಗಿದೆಯಾ, ಇನ್ಶೂರೆನ್ಸ್ ಇದೆಯಾ ನೋಡಿಕೊಳ್ಳಿ. ನವೀಕರಣಕ್ಕೆ ಗಾಡಿ ತೋರಿಸುವಾಗ ಬ್ರೇಕು, ಲೈಟು, ಹಾರ್ನು ಕೆಲಸ ಮಾಡಬೇಕು ಅನ್ನೋದನ್ನೂ ನೆನಪಿಡಿ.

ಒಂದು ನೋಟ್‌ಬುಕ್ ಇಡಿ. ಏನು ಬದಲಾಯಿಸಿದಿರಿ, ಯಾವ ದಿನ, ಆಮೇಲೆ ಗಾಡಿ ಹೇಗಾಯಿತು, ಎಲ್ಲವನ್ನೂ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್ಗು, ಜೆಟ್ಟು (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು), ಟೈಮಿಂಗು (ಕಿಡಿ ಹಾರುವ ಹೊತ್ತು) ಮೂರನ್ನೂ ಒಂದೇ ಸಂಜೆ ಮುಟ್ಟಿದರೆ, ಸರಿಯಾದದ್ದು ಯಾವುದರಿಂದ ಅಂತ ಗೊತ್ತಾಗಲ್ಲ. ಕೆಟ್ಟದ್ದು ಯಾವುದರಿಂದ ಅಂತಲೂ ಗೊತ್ತಾಗಲ್ಲ.

ಮೊದಲು ನಿಲ್ಲಲಿ

ಎಂಜಿನ್ ಸ್ಟಾರ್ಟ್ ಮಾಡುವ ಆಸೆ ತಡೆದುಕೊಂಡು ಎರಡೂ ಚಕ್ರ ಬಿಚ್ಚಿ. ಈ ಗಾಡಿಗೆ ಎರಡೂ ಕಡೆ ಡ್ರಮ್ ಬ್ರೇಕ್. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಶೂ ಮೇಲೆ ತುಕ್ಕಿನ ಪುಡಿ ಕೂತಿರುತ್ತದೆ, ಶೂಗಳನ್ನು ಅಗಲಿಸುವ ಕ್ಯಾಮ್ ಹಿಡಿದುಕೊಂಡಿರುತ್ತದೆ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಸ್ ಇರಬಹುದು, ಆದ್ದರಿಂದ ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ, ಕಂಪ್ರೆಸರ್ ಗಾಳಿಯನ್ನೂ ಹೊಡೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಕ್ಯಾಮ್ ಬಿಚ್ಚಿ, ತುಕ್ಕು ಉಜ್ಜಿ, ತೆಳುವಾಗಿ ಗ್ರೀಸ್ ಸವರಿ. ಜಾಸ್ತಿ ಹಾಕಿದರೆ ಅದೇ ಗ್ರೀಸ್ ಕರಗಿ ಲೈನರಿಗೆ ಹತ್ತುತ್ತದೆ. ಗ್ರೀಸೋ ಎಣ್ಣೆಯೋ ಕುಡಿದ ಲೈನರನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಳಿಸಿಕೊಳ್ಳುವ ಪ್ರಯತ್ನ ಬೇಡ, ಬದಲಾಯಿಸಿ. ಜೋಡಿಸಿದ ಮೇಲೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಡ್ರಮ್ಮಿನ ಹೊರಗಿನ ಆರ್ಮ್ ನೋಡಿ. ಪೂರ್ತಿ ಬ್ರೇಕ್ ಹಿಡಿದಾಗ ಆರ್ಮಿಗೂ ಕೇಬಲ್ ಅಥವಾ ರಾಡಿಗೂ ಮಧ್ಯೆ ಹೆಚ್ಚುಕಡಿಮೆ 90 ಡಿಗ್ರಿ ಮೂಲೆ ಬರಬೇಕು. ಅದನ್ನು ದಾಟಿ ಮುಂದಕ್ಕೆ ಹೋಗುತ್ತಿದ್ದರೆ ಶೂ ತೆಳುವಾಗಿದೆ, ಅಥವಾ ಡ್ರಮ್ಮು ಸವೆದಿದೆ ಅಂತ ಅರ್ಥ. ನಟ್ ಬಿಗಿ ಮಾಡಿ ಇದನ್ನು ಮುಚ್ಚಿಹಾಕಬಹುದು, ಆದರೆ ಅವಸರಕ್ಕೆ ಬೇಕಾದಾಗ ಬ್ರೇಕಿನಲ್ಲಿ ಬಲವೇ ಇರಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 2311 ಅಂತ ಇದ್ದರೆ ಅದು 2011ರ 23ನೇ ವಾರದಲ್ಲಿ ಆದ ಟೈರು. ನನ್ನ ಗಾಡಿಯ ಹಿಂದಿನ ಟೈರಿನಲ್ಲಿ ಬಟನ್ ಚೆನ್ನಾಗಿಯೇ ಇತ್ತು. ಆದರೆ ಉಗುರು ಒತ್ತಿದರೆ ಇಳಿಯುತ್ತಿರಲಿಲ್ಲ, ಪಕ್ಕದಲ್ಲಿ ಕೂದಲೆಳೆಯಂಥ ಸೀಳುಗಳು. ಮಳೆಯಲ್ಲಿ ಇಂಥ ಟೈರು ರಸ್ತೆ ಹಿಡಿಯಲ್ಲ. ಟೈರು, ಟ್ಯೂಬು, ರಿಮ್ ಟೇಪು ಮೂರನ್ನೂ ಹೊಸದು ಹಾಕಿ. ನನ್ನ ಮೊದಲ ದೊಡ್ಡ ಖರ್ಚು ಇದೇ. ಇದರ ಬಗ್ಗೆ ಒಂದು ದಿನವೂ ಬೇಸರ ಆಗಿಲ್ಲ.

ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಆಡಿಸಿ ನೋಡಿ. ನಡುವೆ ಒಂದು ಕಡೆ ಗುಂಡಿಗೆ ಬಿದ್ದ ಹಾಗೆ ತಡೆದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಹಿಂದಿನ ಚಕ್ರವನ್ನು ಅಡ್ಡ ಅಲ್ಲಾಡಿಸಿ. ಸ್ವಿಂಗ್ ಆರ್ಮ್ ಬುಷ್ ಸವೆದಿದ್ದರೆ ಕೈಗೇ ಗೊತ್ತಾಗುತ್ತದೆ. ಎಕ್ಸಲರೇಟರ್ ತಿರುಗಿಸಿ ಬಿಟ್ಟರೆ ಟಕ್ ಅಂತ ವಾಪಸ್ ಬರಬೇಕು. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗಲೂ, ಬಲಕ್ಕೆ ತಿರುಗಿಸಿದಾಗಲೂ ಬರಬೇಕು.

ಪೆಟ್ರೋಲು ಮತ್ತು ವೈರು

ಹಳೇ ಗಾಡಿಯಲ್ಲಿ ಬೆಂಕಿಗೆ ಎರಡೇ ದಾರಿ. ಒಂದು, ಗಟ್ಟಿಯಾದ ಪೆಟ್ರೋಲ್ ಪೈಪು. ಇನ್ನೊಂದು, ಫ್ಯೂಸ್ ಇಲ್ಲದ ವೈರು. ಪೈಪನ್ನು ಬಾಗಿಸಿ ನೋಡೋದೂ ಬೇಡ, ಬದಲಾಯಿಸಿ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರಿಗೆ ಅದು ಆಗಿಬರಲ್ಲ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಓಡಿಸದ ಗಾಡಿಯ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ.

ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ಕೆಂಪು ಪುಡಿ ಕಂಡರೆ ಟ್ಯಾಂಕ್ ಇಳಿಸಿ, ಸಿಟ್ರಿಕ್ ಆಸಿಡ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ತುಂಬಿ, ಒಂದು ದಿನ ಬಿಡಿ. ಆಮೇಲೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಸಾದಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ. ಒಣಗಿದ ಕೂಡಲೇ ಒಂದಿಷ್ಟು 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಒಳಗೆ ಸುತ್ತಿಸಿ. ಸುಮ್ನೆ ಬಿಟ್ಟರೆ ಗಂಟೆಯೊಳಗೆ ಹೊಸ ತುಕ್ಕು ಹತ್ತುತ್ತದೆ. ಪೆಟ್ರೋಲ್ ಕಾಕಿನ ಜಾಳಿಗೆ, ಕಾರ್ಬುರೇಟರಿನ ಬಟ್ಟಲು, ಜೆಟ್ಟು ಇವನ್ನೂ ಆಗಲೇ ತೊಳೆಯಿರಿ. ಜೆಟ್ಟಿನ ತೂತಿಗೆ ಉಕ್ಕಿನ ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ.

ವೈರಿಂಗ್ ನೋಡುವಾಗ ಮೊದಲು ಫ್ಯೂಸ್ ಹುಡುಕಿ. ನನ್ನ ಗಾಡಿಯಲ್ಲಿ ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದರು. ಅದನ್ನು ಕಂಡ ದಿನ ಬ್ಯಾಟರಿ ವೈರ್ ಬಿಚ್ಚಿಟ್ಟೇ ಮಲಗಿದೆ.

ಪಾಯಿಂಟ್ಸ್ ಇರುವ ಯೆಜ್ಡಿಯಲ್ಲಿ ಬ್ಯಾಟರಿ ಬರೀ ಹಾರ್ನಿಗೆ ಅಲ್ಲ. ಪ್ಲಗ್ಗಿನ ಕಿಡಿಗೆ ಕರೆಂಟ್ ಅಲ್ಲಿಂದಲೇ ಬರೋದು. ಬ್ಯಾಟರಿ ಸತ್ತಿದ್ದರೆ ನೀವು ಎಷ್ಟು ಕಿಕ್ ಹೊಡೆದರೂ ಕಾಲು ನೋಯುತ್ತದೆ, ಅಷ್ಟೇ. ಚಾರ್ಜ್ ಆದ 6 ವೋಲ್ಟಿನ ಬ್ಯಾಟರಿ, ಏನೂ ಲೋಡ್ ಇಲ್ಲದೆ ನಿಂತಾಗ, ಮೀಟರಿನಲ್ಲಿ ಸುಮಾರು 6.3 ತೋರಿಸಬೇಕು. ಎಂಜಿನ್ ಸ್ವಲ್ಪ ಏರಿಸಿ ಹಿಡಿದಾಗ 7ರ ಆಸುಪಾಸಿಗೆ ಬರಬೇಕು. ಬರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಬ್ರಷ್ ನೋಡಿ, ಆಮೇಲೆ ರೆಗ್ಯುಲೇಟರ್ ನೋಡಿ. ಕೊನೆಯ ವರ್ಷಗಳ ಸಿಡಿಐ (ಪಾಯಿಂಟ್ಸ್ ಇಲ್ಲದ ಎಲೆಕ್ಟ್ರಾನಿಕ್ ಕಿಡಿ) ಗಾಡಿ ನಿಮ್ಮದಾದರೆ ಪಾಯಿಂಟ್ಸ್ ಮಾತು ನಿಮಗೆ ಬೇಡ.

ಮೊದಲ ಕಿಕ್

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬಂದ ದಿನವೇ ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಎರಡು ಚಮಚ 2ಟಿ ಆಯಿಲ್ ಬಿಟ್ಟು, ಒಂದು ರಾತ್ರಿ ಕಾಯಿರಿ. ಬೆಳಗ್ಗೆ ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ಹಿಂದೆ ಮುಂದೆ ತಿರುಗಿಸಿ. ಸಲೀಸಾಗಿ ತಿರುಗಿದರೆ ಮಾತ್ರ ಕಿಕ್. ಗೇರ್ ಬಾಕ್ಸಿನ ಎಣ್ಣೆ ಇಳಿಸಿ ನೋಡಿ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ.

ಇದಕ್ಕೆ ಆಯಿಲ್ ಪಂಪ್ ಇಲ್ಲ. ಪೆಟ್ರೋಲಿನ ಜೊತೆಯೇ ಎಣ್ಣೆ ಕಲಸಬೇಕು. ನಾನು ಲೀಟರಿಗೆ 40 ಎಂ.ಎಲ್. ಹಾಕುತ್ತೇನೆ, ಅಂದರೆ 25ಕ್ಕೆ 1. ಬಂಕಿನಲ್ಲಿ ಮೊದಲು ಎಣ್ಣೆ, ಮೇಲಿಂದ ಪೆಟ್ರೋಲ್, ಆಮೇಲೆ ಗಾಡಿಯನ್ನು ಎರಡು ಸಲ ಅಲ್ಲಾಡಿಸೋದು. ಹಿಂದಿನ ಮಾಲೀಕರು ಎಷ್ಟು ಹಾಕುತ್ತಿದ್ದರು ಅಂತ ಕೇಳಿಕೊಳ್ಳಿ. ಎಂಜಿನ್ನಿನ ಆರೋಗ್ಯದ ಬಗ್ಗೆ ಆ ಉತ್ತರ ತುಂಬಾ ಹೇಳುತ್ತದೆ.

ಬಿಸಿಯಾದರೆ ನಿಲ್ಲುತ್ತದೆ, ತಣ್ಣಗಾದರೆ ಓಡುತ್ತದೆ

ಈಗ ನನ್ನನ್ನು ಕಾಡಿದ ತೊಂದರೆಗೆ ಬರುತ್ತೇನೆ. ಬ್ರೇಕು, ಟೈರು, ಟ್ಯಾಂಕು ಮುಗಿದು ಗಾಡಿ ರಸ್ತೆಗೆ ಇಳಿಯಿತು. ಮೊದಲ ಒಂದು ವಾರ ಊರೊಳಗೆ ಚಿನ್ನದ ಹಾಗೆ ಓಡಿತು. ಒಂದು ಭಾನುವಾರ ಶ್ರೀರಂಗಪಟ್ಟಣದ ಕಡೆ ಹೊರಟೆ. ಹತ್ತು ಹನ್ನೆರಡು ಕಿಲೋಮೀಟರ್ ಆದ ಮೇಲೆ ಎರಡು ಸಲ ಕೆಮ್ಮಿತು, ಸೈಲೆನ್ಸರಿನಲ್ಲಿ ಟಪ್ ಅಂತು, ನಿಂತಿತು. ಇಪ್ಪತ್ತು ನಿಮಿಷ ಮರದ ನೆರಳಲ್ಲಿ ಕೂತು ಕಿಕ್ ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು. ಐದು ಕಿಲೋಮೀಟರ್ ಹೋಗಿ ಮತ್ತೆ ನಿಂತಿತು.

ಈ ಲಕ್ಷಣ ಕೇಳಿದ ಕೂಡಲೇ ಪಿಸ್ಟನ್ ಬಿಸಿಗೆ ಉಬ್ಬಿ ಸಿಲಿಂಡರಿನಲ್ಲಿ ಹಿಡಿಯುತ್ತಿದೆ, ಬೋರ್ ಮಾಡಿಸಿ ಅನ್ನುವವರು ಜಾಸ್ತಿ. ಆದರೆ ಇದೇ ಲಕ್ಷಣವನ್ನು ಕೊಡಬಲ್ಲ ತಪ್ಪುಗಳು ಕನಿಷ್ಠ ನಾಲ್ಕು ಇವೆ. ಅವುಗಳಲ್ಲಿ ಮೂರಕ್ಕೆ ಎಂಜಿನ್ ಮುಟ್ಟುವ ಅಗತ್ಯವೇ ಇಲ್ಲ. ಬೇರ್ಪಡಿಸೋಕೆ ಸಿಗುವ ಸಮಯ ಮಾತ್ರ ಚಿಕ್ಕದು. ಗಾಡಿ ನಿಂತ ಮೊದಲ ಎರಡು ಮೂರು ನಿಮಿಷ. ತಣ್ಣಗಾದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಚಿಕ್ಕ ಮೀಟರ್ ಜೊತೆಗಿಟ್ಟುಕೊಂಡು, ತಪ್ಪು ಹಿಡಿಯಬೇಕೆಂದೇ ಹೊರಡಬೇಕು.

ನಿಂತ ತಕ್ಷಣ ಕ್ಲಚ್ ಬಿಟ್ಟು, ನ್ಯೂಟ್ರಲ್ ಮಾಡಿ, ಕಿಕ್ಕನ್ನು ಕೈಯಿಂದ ಒತ್ತಿ ನೋಡಿ. ಹಗುರವಾಗಿ, ಎಂದಿನ ಒತ್ತಡದಲ್ಲಿ ಇಳಿದರೆ ಪಿಸ್ಟನ್ ಹಿಡಿದಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಮಾತ್ರ ಬಿಸಿಗೆ ಹಿಡಿದಿದೆ. ಆಗ ಬಲವಂತ ಬೇಡ, ಅರ್ಧ ಗಂಟೆ ಬಿಡಿ. ಹಿಡಿಯುವ ಎಂಜಿನ್ ನಿಲ್ಲುವ ರೀತಿಯೂ ಬೇರೆ. ಯಾರೋ ಹಿಂದಿನಿಂದ ಜಗ್ಗಿದ ಹಾಗೆ ಎಳೆತ ಕಡಿಮೆಯಾಗುತ್ತಾ ಬಂದು ನಿಲ್ಲುತ್ತದೆ, ಕೆಮ್ಮಲ್ಲ. ನನ್ನದು ಕೆಮ್ಮಿತ್ತು. ಕಿಕ್ ಹಗುರವಾಗಿತ್ತು. ಅಲ್ಲಿಗೇ ಬೋರಿನ ಮಾತು ಮುಗಿಯಿತು.

ಮುಂದಿನದು ಪೆಟ್ರೋಲ್. ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಉಸಿರಾಟದ ತೂತು ಮುಚ್ಚಿದೆ. ಪೆಟ್ರೋಲ್ ಇಳಿದಂತೆ ಒಳಗೆ ಗಾಳಿ ಹೋಗದೆ, ಸ್ವಲ್ಪ ದೂರ ಓಡಿದ ಮೇಲೆ ಹರಿವು ನಿಂತುಹೋಗುತ್ತದೆ. ಕಾಯುತ್ತಾ ಕೂತಾಗ ಗಾಳಿ ನಿಧಾನಕ್ಕೆ ಒಳಗೆ ಸೇರಿ, ಮತ್ತೆ ಸ್ಟಾರ್ಟ್ ಆಗುತ್ತದೆ. ಪೇಂಟ್ ಮಾಡಿಸಿದ ಗಾಡಿಗಳಲ್ಲಿ ಇದು ಎಷ್ಟೋ ಸಲ ಸಿಗುತ್ತದೆ, ತೂತಿನೊಳಗೆ ಬಣ್ಣ ಕೂತಿರುತ್ತದೆ. ಆಮೇಲೆ ಕಾರ್ಬುರೇಟರ್ ಕಡೆಯ ಪೈಪ್ ಬಿಡಿಸಿ, ಒಂದು ಸೀಸೆಗೆ ಹಿಡಿಯಿರಿ. ಎಡೆಬಿಡದೆ ಹರಿಯಬೇಕು. ಶುರುವಾಗಿ ಹನಿಗೆ ಇಳಿದರೆ ಕಾಕಿನ ಜಾಳಿಗೆ ಕಟ್ಟಿದೆ. ಎಂಜಿನ್ ಬಿಸಿ ಇರುತ್ತದೆ, ಚೆಲ್ಲಬೇಡಿ. ನನ್ನ ಗಾಡಿಯಲ್ಲಿ ಎರಡೂ ಸರಿ ಇದ್ದವು.

ಮೂರನೆಯದು ಬ್ಯಾಟರಿ. ಡೈನಮೋ ಚಾರ್ಜ್ ಮಾಡದಿದ್ದರೆ ಗಾಡಿ ಬ್ಯಾಟರಿಯಲ್ಲಿ ಇದ್ದಷ್ಟು ದೂರ ಓಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಬ್ಯಾಟರಿ ಒಂದಿಷ್ಟು ಚೇತರಿಸಿಕೊಂಡು ಮತ್ತೆ ಸ್ಟಾರ್ಟ್ ಆಗುತ್ತದೆ. ಬಿಸಿಗೂ ಇದಕ್ಕೂ ಸಂಬಂಧವೇ ಇಲ್ಲ, ಆದರೆ ನೋಡುವವರಿಗೆ ಬಿಸಿಯ ತೊಂದರೆ ಅಂತಲೇ ಅನಿಸುತ್ತದೆ. ನಿಂತ ಕೂಡಲೇ ಮೀಟರ್ ಹಿಡಿಯಿರಿ. ನನ್ನದು 6.2 ಇತ್ತು. ಕಿಡಿಗೆ ಅದು ಸಾಕು.

ಉಳಿದದ್ದು ಕಿಡಿ. ಪೈಪನ್ನು ವಾಪಸ್ ಹಾಕಿ, ಕಾಕ್ ಮುಚ್ಚಿ, ಚೆಲ್ಲಿದ ಪೆಟ್ರೋಲ್ ಇದ್ದರೆ ಒರೆಸಿ, ಅದು ಆರುವ ತನಕ ಕಾಯಿರಿ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರದಲ್ಲಿ ಎಂಜಿನ್ನಿನ ಮೈಗೆ ಗಟ್ಟಿಯಾಗಿ ತಾಗಿಸಿ ಹಿಡಿದು ಕಿಕ್ ಮಾಡಿ. ಪ್ಲಗ್ ಎಂಜಿನ್ನಿಗೆ ತಾಗದೆ ಗಾಳಿಯಲ್ಲಿದ್ದರೆ ಕಾಯಿಲಿಗೆ, ಅಂದರೆ ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿಗೆ, ಪೆಟ್ಟಾಗುತ್ತದೆ. ದಪ್ಪನೆಯ ನೀಲಿ ಕಿಡಿ, ಚಟ್ ಅನ್ನುವ ಸದ್ದು ಬರಬೇಕು. ನನಗೆ ಸಿಕ್ಕಿದ್ದು ಕಿತ್ತಳೆ ಬಣ್ಣದ ಸಣ್ಣ ಎಳೆ, ಅದೂ ಎರಡು ಕಿಕ್ಕಿಗೆ ಒಂದು ಸಲ. ಪ್ಲಗ್ ಒದ್ದೆಯಾಗಿತ್ತು. ಅಂದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಹೊಸ ಪ್ಲಗ್ ಹಾಕಿ ನೋಡಿದೆ. ಅದೇ ಕಿತ್ತಳೆ.

ಎಂಜಿನ್ನಿನ ಬಲಗಡೆಯ ಮುಚ್ಚಳ ತೆಗೆದರೆ ಡೈನಮೋ, ಅದರ ಮುಂದೆ ಪಾಯಿಂಟ್ಸ್ ಕಾಣುತ್ತವೆ. ಪಾಯಿಂಟ್ಸ್ ತೆರೆಯುವಾಗ ಅಲ್ಲಿ ಕಿಡಿ ಹಾರುತ್ತಿತ್ತು. ಚೆನ್ನಾಗಿರುವ ಗಾಡಿಯಲ್ಲಿ ಅದು ಕಣ್ಣಿಗೆ ಕಂಡೂ ಕಾಣದಷ್ಟು ಇರಬೇಕು. ಪಾಯಿಂಟ್ಸಿನ ಮುಖ ಸುಟ್ಟು ಕಪ್ಪಾಗಿತ್ತು. ಈ ಎರಡೂ ಸೇರಿದರೆ ಬೆರಳು ತೋರಿಸೋದು ಕಂಡೆನ್ಸರಿನ ಕಡೆಗೆ. ಪಾಯಿಂಟ್ಸ್ ತೆರೆದಾಗ ಅಲ್ಲಿ ಹಾರಲು ನೋಡುವ ಕರೆಂಟನ್ನು ಕಂಡೆನ್ಸರ್ ತನ್ನೊಳಗೆ ತಗೊಳ್ಳಬೇಕು. ಆಗಲೇ ಕಾಯಿಲಿನಲ್ಲಿ ಕಾಂತ ಬಲ ಒಮ್ಮೆಲೇ ಕುಸಿದು, ಪ್ಲಗ್ಗಿನಲ್ಲಿ ಜೋರು ಕಿಡಿ ಹುಟ್ಟುತ್ತದೆ. ಕಂಡೆನ್ಸರ್ ಸೋತರೆ ಕಿಡಿ ಪ್ಲಗ್ಗಿನಲ್ಲಿ ಆಗುವ ಬದಲು ಪಾಯಿಂಟ್ಸಿನಲ್ಲಿ ಆಗುತ್ತದೆ. ಹಳೇ ಕಂಡೆನ್ಸರಿನ ಒಳಗಿನ ಪದರ ತಣ್ಣಗಿದ್ದಾಗ ತಡೆದುಕೊಳ್ಳುತ್ತದೆ, ಬಿಸಿಯಾದಾಗ ಸೋರುತ್ತದೆ. ಅದು ಕೂತಿರೋದು ಎಂಜಿನ್ನಿನ ಬಿಸಿಯ ಪಕ್ಕದಲ್ಲೇ.

ಅದಕ್ಕೇ ಕಂಡೆನ್ಸರನ್ನು ಬಿಚ್ಚಿ ಅಂಗಡಿಗೆ ಹೋಗಿ ಮೀಟರಿನಲ್ಲಿ ನೋಡಿಸಿದರೆ ಸರಿಯಾಗಿದೆ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಅದು ತಣ್ಣಗಾಗಿರುತ್ತದೆ. ಪರೀಕ್ಷೆಗೆ ಒಳ್ಳೆ ದಾರಿ, ಬದಲಿ ಹಾಕಿ ನೋಡೋದು. ಹಳೇ ಕಂಡೆನ್ಸರಿನ ವೈರ್ ಬಿಡಿಸಿ, ಹೊಸದೊಂದನ್ನು ಎಂಜಿನ್ನಿನಿಂದ ದೂರ, ಕಾಯಿಲಿನ ಹತ್ತಿರವೇ, ಪಾಯಿಂಟ್ಸ್ ವೈರಿಗೂ ಚಾಸಿಗೂ ಮಧ್ಯೆ ಕಟ್ಟಿ. ಪಾಯಿಂಟ್ಸ್ ಇದ್ದ ಹಳೇ ಕಾರುಗಳ ಕಂಡೆನ್ಸರಾದರೂ ಆಗುತ್ತದೆ, ಅವೂ ಸಾಮಾನ್ಯವಾಗಿ 0.2ರಿಂದ 0.3 ಮೈಕ್ರೋಫ್ಯಾರಡ್ ಇರುತ್ತವೆ. ನಾನು ಪಾಯಿಂಟ್ಸಿನ ಮುಖವನ್ನು ಸಣ್ಣ ಅರದಿಂದ ಉಜ್ಜಿ, ಫೀಲರ್ ಗೇಜಿನಲ್ಲಿ 0.4 ಮಿಲಿಮೀಟರ್ ಸಂದಿ ಇಟ್ಟು, ಹೊಸ ಕಂಡೆನ್ಸರ್ ಹೊರಗೆ ಕಟ್ಟಿದೆ. ಕಿಡಿ ನೀಲಿಯಾಯಿತು. ಮುಂದಿನ ಭಾನುವಾರ ಮೇಲುಕೋಟೆಯ ಏರು ಹತ್ತಿ ಇಳಿದು ಮನೆಗೆ ಬಂದೆ. ಒಂದು ಸಲವೂ ನಿಲ್ಲಲಿಲ್ಲ.

ಕಂಡೆನ್ಸರ್ ಬದಲಾಯಿಸಿದ ಮೇಲೂ ಬಿಸಿಯಲ್ಲಿ ಕಿಡಿ ಸೋತರೆ ಕಾಯಿಲನ್ನು ಅದೇ ರೀತಿ ಬದಲಿಸಿ ನೋಡಿ. ಪಾಯಿಂಟ್ಸ್ ಸಂದಿ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಆದ್ದರಿಂದ ಸಂದಿ ಇಟ್ಟಾದ ಮೇಲೆ ಟೈಮಿಂಗ್ ನೋಡಲೇಬೇಕು. ಮೊದಲೇ ನೋಡಿದರೆ ಮಾಡಿದ ಕೆಲಸ ವ್ಯರ್ಥ.

ಹೊಗೆ, ಎಳೆತ, ಸದ್ದು

ಎಂಜಿನ್ ಒಳಗಿನ ತೊಂದರೆಯನ್ನು ಹೊರಗಿನಿಂದಲೇ ಒಂದಷ್ಟು ಓದಬಹುದು. ಕ್ಲಚ್ ಇರೋದು ಎಡಗಡೆ. ಆ ಕಡೆಯ ಕ್ರ್ಯಾಂಕ್ ಸೀಲ್ (ಕ್ರ್ಯಾಂಕಿನ ತುದಿಯಲ್ಲಿ ಎಣ್ಣೆ, ಗಾಳಿ ಒಳಗೆ ಹೋಗದಂತೆ ತಡೆಯುವ ರಬ್ಬರ್ ಬಳೆ) ಹೋದರೆ ಎಂಜಿನ್ ಗೇರ್ ಬಾಕ್ಸಿನ ಎಣ್ಣೆಯನ್ನು ಕುಡಿಯುತ್ತದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲಲ್ಲ, ಗೇರ್ ಎಣ್ಣೆ ತಾನಾಗಿ ಕಡಿಮೆಯಾಗುತ್ತದೆ. ಬಲಗಡೆಯ, ಡೈನಮೋ ಬದಿಯ ಸೀಲ್ ಹೋದರೆ ಎಣ್ಣೆಯ ಬದಲು ಗಾಳಿ ಒಳಗೆ ಹೋಗುತ್ತದೆ. ಎಕ್ಸಲರೇಟರ್ ಬಿಟ್ಟರೂ ಎಂಜಿನ್ ಏರಿಯೇ ಇರುತ್ತದೆ, ಪ್ಲಗ್ಗಿನ ತುದಿ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಈ ಎರಡನೆಯದು ಕಂಡರೆ ಓಡಿಸೋದು ನಿಲ್ಲಿಸಿ. ಗಾಳಿ ಹೆಚ್ಚಾಗಿ, ಪೆಟ್ರೋಲಿನ ಜೊತೆ ಬರುವ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ ನಿಜವಾಗಿ ಹಿಡಿಯೋದು ಆಗಲೇ.

ಎಳೆತ ಇಲ್ಲ, ಮೇಲಿನ ವೇಗಕ್ಕೆ ಏರಲ್ಲ ಅಂದರೆ ಸೈಲೆನ್ಸರ್ ನೋಡಿ. ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರಿನಲ್ಲಿ ಎಣ್ಣೆಯ ಮಸಿ ಗಟ್ಟಿಯಾಗಿ ಕೂರುತ್ತದೆ. ಒಳಗಿನ ಕೊಳವೆ ಎಳೆದು, ಬಯಲಿನಲ್ಲಿಟ್ಟು ಸುಟ್ಟು, ತಟ್ಟಿ ಹಾಕಿ. ನನ್ನ ಎರಡು ಸೈಲೆನ್ಸರಿನಿಂದ ಒಂದು ಬೊಗಸೆ ಮಸಿ ಬಂತು. ಬೋರ್ ಮಾಡಿಸಿದರೆ ಬರಬೇಕಿದ್ದ ಎಳೆತ ಅಷ್ಟರಿಂದಲೇ ಬಂತು.

ಕೆಳಗಿನಿಂದ ಗುಡುಗುಡು ಸದ್ದು, ಫುಟ್‌ರೆಸ್ಟಿಗೆ ಬರುವಂಥ ನಡುಕ ಇದ್ದರೆ ಕ್ರ್ಯಾಂಕ್ ಬೇರಿಂಗ್. ಅದಕ್ಕೆ ಮಾತ್ರ ಎಂಜಿನ್ ಇಳಿಸಲೇಬೇಕು. ಇಳಿಸಿದಾಗ ಎರಡೂ ಸೀಲ್, ಬೇರಿಂಗ್, ಕನೆಕ್ಟಿಂಗ್ ರಾಡ್ ಎಲ್ಲವನ್ನೂ ಒಟ್ಟಿಗೆ ನೋಡಿಸಿ. ಆ ಕೂಲಿಯನ್ನು ಎರಡು ಸಲ ಕೊಡುವುದು ಬೇಡ.

ನನ್ನ ನೋಟ್‌ಬುಕ್ಕಿನಲ್ಲಿ ಈಗ ಉಳಿದಿರೋದು ಮೂರು ಸಾಲು. ಎಡಗಡೆಯ ಸೀಲ್ ಸ್ವಲ್ಪ ಎಣ್ಣೆ ಎಳೆಯುತ್ತಿದೆ, ಸಾವಿರ ಕಿಲೋಮೀಟರಿಗೆ ಎಷ್ಟು ಅಂತ ಅಳೆಯುತ್ತಿದ್ದೇನೆ. ಮುಂದಿನ ಫೋರ್ಕ್ ಸೀಲಿನಲ್ಲಿ ಹನಿ ಇದೆ, ಬ್ರೇಕಿನವರೆಗೆ ಇಳಿಯುವ ಮೊದಲು ಬದಲಾಯಿಸಬೇಕು. ಮೂರನೇ ಸಾಲು ಪೇಂಟ್. ಅದರ ಮುಂದೆ ತಾರೀಕು ಇನ್ನೂ ಬರೆದಿಲ್ಲ.